ಬ್ಲಾಕಾ, ಕಟ್ಟೆನಾ, ನೀರಾ? ವಯಸ್ಸಾದ ಈಜುಗಾರರ ರೇಸ್ ಸ್ಟಾರ್ಟ್‌ಗೆ ಸಮಗ್ರ ಮಾರ್ಗದರ್ಶಿ

ಐವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಮಾಸ್ಟರ್ಸ್ ರೇಸ್‌ಗೆ, ಅಂದರೆ ವಯಸ್ಕರ ಈಜು ಸ್ಪರ್ಧೆಗೆ, ಇಳಿದೆ. ಎಲ್ಲರೂ ಬ್ಲಾಕ್ (ಕೊಳದ ಅಂಚಿನಲ್ಲಿ ಹಾರಲು ಇಟ್ಟ ಎತ್ತರದ ಪೀಠ) ಹತ್ತಿದರು, ನಾನೂ ಹತ್ತಿದೆ. ಹತ್ತದಿದ್ದರೆ ಮರ್ಯಾದೆ ಹೋಗುತ್ತದೆ ಅನ್ನಿಸಿತ್ತು. ಹಾರಿದೆ. ಹೊಟ್ಟೆ ಫಟ್ ಅಂತ ನೀರಿಗೆ ಬಡಿಯಿತು, ಗಾಗಲ್ಸ್ ಜಾರಿ ಬಾಯಿಗೆ ಬಂತು. 50 ಮೀಟರ್ ಫ್ರೀಸ್ಟೈಲನ್ನು ಕಣ್ಣು ಮುಚ್ಚಿಕೊಂಡು, ಲೇನ್ ಹಗ್ಗಕ್ಕೆ ಮೊಣಕೈ ಉಜ್ಜಿಕೊಂಡು ಮುಗಿಸಿದೆ. ಪಕ್ಕದ ಲೇನ್‌ನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರಿದ್ದರು. ಅವರು ನೀರಿನಲ್ಲೇ ಇದ್ದು, ಒಂದು ಕೈಯಲ್ಲಿ ಗೋಡೆ ಹಿಡಿದು, ಅಲ್ಲಿಂದಲೇ ಹೊರಟಿದ್ದರು. ನನಗಿಂತ ಮೊದಲೇ ಮುಟ್ಟಿಯೂ ಬಿಟ್ಟಿದ್ದರು.

"ಹಂಗೂ ಮಾಡಬಹುದಾ ಸಾರ್?" ಅಂತ ಕೇಳಿದೆ.

"ರೂಲ್‌ನಲ್ಲೇ ಇದೆಯಲ್ರೀ. ಓದ್ಲಿಲ್ವಾ?" ಅಂದರು.

ಓದಿರಲಿಲ್ಲ. ಆಮೇಲೆ ಓದಿದೆ. ಬೆಂಗಳೂರಿನ ಒಂದು ಕೊಳದಲ್ಲಿ ಬೆಳಗ್ಗೆ ಆರಕ್ಕೆ ಸೇರುವ ನಮ್ಮ ಗುಂಪಿನಲ್ಲಿ ಈಗ ಮೂರೂ ಬಗೆಯ ಸ್ಟಾರ್ಟ್ ಮಾಡುವವರಿದ್ದಾರೆ. ಅವರ ಜೊತೆ ಮಾಡಿ, ಕೆಡಿಸಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಿಯಮ ಏನು ಹೇಳುತ್ತದೆ

ಮಾಸ್ಟರ್ಸ್ ಈಜು 25 ವರ್ಷಕ್ಕೆ ಶುರುವಾಗುತ್ತದೆ. ಅಲ್ಲಿಂದ ಐದೈದು ವರ್ಷಕ್ಕೆ ಒಂದು ವಿಭಾಗ: 25–29, 30–34, ಹೀಗೆ ಮೇಲಕ್ಕೆ. ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆ ಎಷ್ಟು ತುಂಬಿರುತ್ತದೋ ಅದೇ ನಿಮ್ಮ ವಯಸ್ಸು. ಈಜಿನ ಜಾಗತಿಕ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್. ಮೊದಲು ಇದನ್ನು ಫಿನಾ ಅನ್ನುತ್ತಿದ್ದರು. ಇದರ ಮಾಸ್ಟರ್ಸ್ ನಿಯಮದ ಪ್ರಕಾರ ಫ್ರೀಸ್ಟೈಲ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ಇಂಡಿವಿಜುವಲ್ ಮೆಡ್ಲೆ (ಒಬ್ಬರೇ ಎಲ್ಲ ಸ್ಟ್ರೋಕ್ ಈಜುವುದು), ಈ ನಾಲ್ಕಕ್ಕೂ ಮೂರು ಜಾಗದಿಂದ ಹೊರಡಬಹುದು. ಒಂದು, ಬ್ಲಾಕ್ ಮೇಲಿನಿಂದ. ಎರಡು, ಕೊಳದ ಕಟ್ಟೆಯಿಂದ. ಮೂರು, ನೀರಿನಲ್ಲಿದ್ದು ಗೋಡೆಯನ್ನು ಒದ್ದು. ನೀರಿನಲ್ಲಿದ್ದರೆ ಸಿಗ್ನಲ್ ಬರುವ ತನಕ ಒಂದು ಕೈ ಗೋಡೆಗೆ ತಾಗಿರಬೇಕು. ಇದಕ್ಕೆ ಡಾಕ್ಟರ್ ಚೀಟಿ ಬೇಕಾಗಿಲ್ಲ, ಕಾರಣವನ್ನೂ ಯಾರೂ ಕೇಳುವುದಿಲ್ಲ. ಇದು ಯಾರೋ ಕೊಡುವ ರಿಯಾಯಿತಿ ಅಲ್ಲ, ಮೂರರಲ್ಲಿ ನಿಮ್ಮ ಆಯ್ಕೆ.

ಸ್ಟಾರ್ಟ್‌ನ ಕ್ರಮ ಎಲ್ಲರಿಗೂ ಒಂದೇ. ರೆಫರಿ ಮೊದಲು ಚಿಕ್ಕ ಚಿಕ್ಕ ಸೀಟಿ ಹೊಡೆಯುತ್ತಾರೆ. ಟವೆಲ್, ಟೀ ಶರ್ಟ್ ಎಲ್ಲ ತೆಗೆದಿಡಿ ಅಂತ ಅದರರ್ಥ. ಆಮೇಲೆ ಒಂದು ಉದ್ದ ಸೀಟಿ. ಆಗ ನಿಮ್ಮ ಜಾಗಕ್ಕೆ ಹೋಗಬೇಕು: ಬ್ಲಾಕ್ ಮೇಲೆ, ಕಟ್ಟೆ ಅಂಚಿಗೆ, ಅಥವಾ ನೀರಿಗೆ. ಸ್ಟಾರ್ಟರ್ "ಟೇಕ್ ಯುವರ್ ಮಾರ್ಕ್ಸ್" ಅಂದ ಕೂಡಲೇ ಸ್ಟಾರ್ಟ್ ಭಂಗಿಗೆ ಬಂದು ಅಲುಗಾಡದೆ ನಿಲ್ಲಬೇಕು. ಎಲ್ಲರೂ ನಿಶ್ಚಲವಾದ ಮೇಲೆ ಸಿಗ್ನಲ್. ಅದಕ್ಕಿಂತ ಮೊದಲೇ ಹೊರಟರೆ ಡಿಸ್‌ಕ್ವಾಲಿಫೈ. ಎರಡನೇ ಅವಕಾಶ ಇಲ್ಲ.

ಒಂದು ಕಿವಿಮಾತು. ಚಿಕ್ಕ ಕ್ಲಬ್ ಮೀಟ್‌ಗಳಲ್ಲಿ ತಮ್ಮದೇ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಮೀಟ್‌ನ ಸರ್ಕ್ಯುಲರ್ ಓದಿ. ಅನುಮಾನ ಇದ್ದರೆ ಹಿಂದಿನ ದಿನವೇ ಕೇಳಿ.

ಮೊದಲು ದೇಹವನ್ನು ಕೇಳಿ

ಬ್ಲಾಕ್ ಮೇಲಿಂದ ಹಾರುವುದೆಂದರೆ ತಲೆ ತಗ್ಗಿಸಿ, ಬಗ್ಗಿ, ಮೊದಲು ಕೈ ಆಮೇಲೆ ತಲೆ ನೀರಿಗೆ ಹೋಗುವುದು. ಇಪ್ಪತ್ತರಲ್ಲಿ ಇದು ಏನೂ ಅಲ್ಲ. ಅರವತ್ತರಲ್ಲಿ ಪಟ್ಟಿ ಬೇರೆ.

ಕಣ್ಣು: ಗ್ಲಾಕೋಮಾ ಇದ್ದವರು, ರೆಟಿನಾದ ತೊಂದರೆ ಇದ್ದವರು, ಇತ್ತೀಚೆಗೆ ಕಣ್ಣಿನ ಪೊರೆ ಆಪರೇಷನ್ ಆದವರು ಕಣ್ಣಿನ ಡಾಕ್ಟರನ್ನು ಕೇಳದೆ ಡೈವ್ ಮಾಡಬೇಡಿ. "ಈಜಬಹುದಾ" ಅಂತ ಮಾತ್ರ ಕೇಳಿದರೆ ಅವರು "ಈಜಿ" ಅಂದುಬಿಡುತ್ತಾರೆ. "ಎತ್ತರದಿಂದ ತಲೆ ಮೊದಲಾಗಿ ಹಾರಬಹುದಾ" ಅಂತ ಬಿಡಿಸಿ ಕೇಳಿ. ಇವೆರಡಕ್ಕೂ ಉತ್ತರ ಬೇರೆ ಬೇರೆ ಇರಬಹುದು.

ತಲೆಸುತ್ತು: ಬಿಪಿ ಮಾತ್ರೆ ತಗೊಳ್ಳುವವರಿಗೆ ಕೂತಲ್ಲಿಂದ ದಿಢೀರ್ ಎದ್ದರೆ ತಲೆ ಹಗುರಾಗುವುದುಂಟು. ಕಾಲ್ ರೂಮ್‌ನಲ್ಲಿ, ಅಂದರೆ ರೇಸ್‌ಗೆ ಮೊದಲು ಕಾಯುವ ಕೋಣೆಯಲ್ಲಿ, ಇಪ್ಪತ್ತು ನಿಮಿಷ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎದ್ದು ಬ್ಲಾಕ್ ಹತ್ತಿ, ಕೂಡಲೇ ಬಗ್ಗುವುದು ಅಂದರೆ ಅದೇ ಕಥೆ. ಕಿವಿಯ ಸಮತೋಲನದ ತೊಂದರೆ ಇದ್ದವರಿಗೆ ತಲೆ ತಗ್ಗಿಸಿದಾಗಲೇ ಕೊಳ ಗಿರ್ರನೆ ತಿರುಗುತ್ತದೆ. ಇಂಥವರಿಗೆ ಬ್ಲಾಕ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕುತ್ತಿಗೆ, ಬೆನ್ನು, ಮೂಳೆ: ಸ್ಪಾಂಡಿಲೈಟಿಸ್ ಇದ್ದರೆ ನೀರಿನ ಹೊಡೆತ ನೇರ ಕುತ್ತಿಗೆಗೆ. ಮೂಳೆ ಸವೆದಿದೆ ಅಂತ ಸ್ಕ್ಯಾನ್‌ನಲ್ಲಿ ಬಂದಿದ್ದರೆ ನೀರಿನಿಂದ ಹೊರಡುವುದೇ ಸರಿ. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡಿದ್ದರೆ ಆಪರೇಷನ್ ಮಾಡಿದವರ ಒಪ್ಪಿಗೆ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಒಂದು ಸಲ ಹೊಟ್ಟೆ ಬಡಿದುಕೊಂಡರೆ ವಾರಗಟ್ಟಲೆ ನೀಲಿಗಟ್ಟುತ್ತಾರೆ.

ಭುಜ: ಫ್ರೋಜನ್ ಶೋಲ್ಡರ್ ಇದ್ದು ಎರಡೂ ಕೈ ಕಿವಿಯ ಪಕ್ಕ ನೇರ ಎತ್ತಲು ಆಗದಿದ್ದರೆ ಡೈವ್ ಇಲ್ಲ. ಕಾರಣ ಸುಲಭ. ಆ ಕೈಗಳೇ ನಿಮ್ಮ ತಲೆಗೆ ಹೆಲ್ಮೆಟ್.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೆನ್ನನ್ನು ಗೋಡೆಗೆ ಆನಿಸಿ ನಿಂತು, ಕೈ ಮೇಲೆ ಕೈ ಇಟ್ಟು, ಎರಡೂ ತೋಳು ಕಿವಿಗೆ ತಾಗುವಂತೆ ಮೇಲೆತ್ತಿ. ಸೊಂಟ ಗೋಡೆಯಿಂದ ಬಹಳ ದೂರ ಹೋಗಬಾರದು. ಹತ್ತು ಎಣಿಸಿ. ಆಮೇಲೆ ಗೋಡೆಯ ಹತ್ತಿರವೇ ನಿಂತು, ಬಗ್ಗಿ ಕಾಲ್ಬೆರಳು ಮುಟ್ಟಲು ಹೋಗಿ, ಐದು ಎಣಿಸಿ, ಎದ್ದು ನಿಲ್ಲಿ. ಏನೂ ಆಗದಿದ್ದರೆ ಮುಂದೆ ಓದಿ. ಏನಾದರೂ ಆದರೆ ನೀರಿನ ಸ್ಟಾರ್ಟ್‌ನ ಭಾಗವನ್ನು ಎರಡು ಸಲ ಓದಿ.

ಆಮೇಲೆ ಕೊಳವನ್ನು ನೋಡಿ

ನಮ್ಮ ವಯಸ್ಸಿನವರಲ್ಲಿ ಎರಡು ಜಾತಿ. ಊರಿನ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಕಲಿತವರು. ನಲವತ್ತಾದ ಮೇಲೆ ಬೆಂಗಳೂರಿನ ಕೊಳದಲ್ಲಿ ಕೋಚ್ ಇಟ್ಟುಕೊಂಡು ಕಲಿತವರು. ಎರಡನೆಯವರಿಗೆ ಹಾರಲು ಭಯ. ಮೊದಲನೆಯವರಿಗೆ ಭಯವೇ ಇಲ್ಲ, ಅದೇ ಅಪಾಯ. ಬಾವಿ ಮೂರಾಳು ಆಳ ಇರುತ್ತಿತ್ತು. ಅಪಾರ್ಟ್‌ಮೆಂಟ್ ಕೊಳ ಮೂರೂವರೆ, ನಾಲ್ಕು ಅಡಿ. ಅಲ್ಲಿ ತಲೆ ಮೊದಲಾಗಿ ಹಾರುವ ಮಾತೇ ಬೇಡ, ಎಷ್ಟೇ ಅನುಭವ ಇರಲಿ.

ಬ್ಲಾಕ್ ಇರುವ ಕೊಳದಲ್ಲಿ ಗೋಡೆಯಿಂದ 1 ಮೀಟರ್‌ನಿಂದ ಹಿಡಿದು 6 ಮೀಟರ್‌ವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕು ಅನ್ನುತ್ತದೆ ನಿಯಮ. ಅಂದರೆ ಸುಮಾರು ನಾಲ್ಕೂವರೆ ಅಡಿ. ಇದು ಡೈವ್ ಬಲ್ಲವರಿಗೆ ಇಟ್ಟ ಅಳತೆ. ಕಲಿಯುವವರಿಗೆ ನನ್ನ ಅಳತೆ ಬೇರೆ: ಆರು ಅಡಿಗಿಂತ ಕಡಿಮೆ ಇದ್ದರೆ ನಾನು ಯಾರಿಗೂ ಡೈವ್ ಹೇಳಿಕೊಡುವುದಿಲ್ಲ. ಎಂಟು ಒಂಬತ್ತು ಅಡಿ ಸಿಕ್ಕರೆ ಇನ್ನೂ ಒಳ್ಳೆಯದು. ಬಸವನಗುಡಿ ಅಕ್ವಾಟಿಕ್ ಸೆಂಟರ್, ಹಲಸೂರು ಕೆರೆಯ ಹತ್ತಿರದ ಕೆನ್ಸಿಂಗ್ಟನ್ ಕೊಳ, ಸದಾಶಿವನಗರದ ಕೆ.ಸಿ. ರೆಡ್ಡಿ ಕೊಳ, ಹೀಗೆ ನೀವು ಎಲ್ಲಿಗೇ ಹೋಗಿ, ಗೋಡೆಯ ಮೇಲೆ ಬರೆದ ಆಳದ ಅಂಕಿಯನ್ನು ಮೊದಲು ಓದಿ. ಲೈಫ್‌ಗಾರ್ಡನ್ನು ಕೇಳಿ. ಯಾವ ಕಡೆ, ಯಾವ ಹೊತ್ತಿನಲ್ಲಿ ಡೈವ್ ಬಿಡುತ್ತಾರೆ ಅಂತ ತಿಳಿದುಕೊಳ್ಳಿ. ಸಾರ್ವಜನಿಕರ ಬ್ಯಾಚ್‌ನಲ್ಲಿ ಬ್ಲಾಕ್ ಹತ್ತಿದರೆ ಬೈಸಿಕೊಳ್ಳುತ್ತೀರಿ, ಮತ್ತು ಬೈಯುವವರದ್ದೇ ಸರಿ.

ಬ್ಲಾಕ್‌ನ ಎತ್ತರ ನೀರಿನಿಂದ 50ರಿಂದ 75 ಸೆಂಟಿಮೀಟರ್ ಒಳಗೆ ಇರಬೇಕು. ಇಪ್ಪತ್ತೈದು ಸೆಂಟಿಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಮೇಲೆ ನಿಂತು ಕೆಳಗೆ ನೋಡಿ, ಗೊತ್ತಾಗುತ್ತದೆ.

ನೀರಿನಿಂದ ಸ್ಟಾರ್ಟ್

ಇದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ಕಲಿತಿರಲೇಬೇಕು. ಬ್ಲಾಕ್ ಹತ್ತುವವರೂ ಕೂಡ. ರೇಸ್ ದಿನ ಮಂಡಿ ಹಿಡಿದುಕೊಂಡರೆ ಕೈಯಲ್ಲಿ ಇನ್ನೊಂದು ದಾರಿ ಇರಬೇಕಲ್ವಾ? ಆದರೆ ಬಹಳ ಜನ ಇದನ್ನು ಅಭ್ಯಾಸವೇ ಮಾಡುವುದಿಲ್ಲ. ಗೋಡೆ ಹಿಡಿದು ಸುಮ್ನೆ ನೇತಾಡುತ್ತಾರೆ, ಸಿಗ್ನಲ್ ಆದ ಮೇಲೆ ಕಾಲು ಹುಡುಕುತ್ತಾರೆ. ಆಮೇಲೆ "ನೀರಿನಿಂದ ಹೊರಟರೆ ತುಂಬಾ ಲೇಟಾಗುತ್ತೆ" ಅನ್ನುತ್ತಾರೆ.

ಮಾಡುವ ಬಗೆ ಹೀಗೆ. ಉದ್ದ ಸೀಟಿ ಆದ ಮೇಲೆ ಕಾಲು ಮೊದಲಾಗಿ, ಕಟ್ಟೆ ಹಿಡಿದುಕೊಂಡು ನೀರಿಗಿಳಿಯಿರಿ. ದುಡುಂ ಅಂತ ಹಾರಬೇಡಿ. ಗೋಡೆಗೆ ಪಕ್ಕವಾಗಿ ತಿರುಗಿ. ಎಡಗೈಯಲ್ಲಿ ಕಟ್ಟೆಯ ಅಂಚು ಅಥವಾ ಗಟರ್ (ಅಂಚಿನಲ್ಲಿ ನೀರು ಹರಿದು ಹೋಗುವ ಕಾಲುವೆ) ಹಿಡಿಯಿರಿ. ಬಲಗೈ ನೀರಿನೊಳಗೆ, ನೀವು ಹೋಗುವ ದಿಕ್ಕಿಗೆ ಚಾಚಿರಲಿ. ಎರಡೂ ಮಂಡಿ ಮಡಚಿ ಪಾದಗಳನ್ನು ಗೋಡೆಗೆ ಇಡಿ. ಪಾದ ಎಷ್ಟು ಆಳದಲ್ಲಿರಬೇಕು ಅನ್ನುವುದೇ ಇಲ್ಲಿಯ ಗುಟ್ಟು. ನೀರಿನ ಮಟ್ಟದಿಂದ ಒಂದೂವರೆ ಅಡಿ ಕೆಳಗೆ ಇರಲಿ. ಪಾದ ಮೇಲಿದ್ದರೆ ಮೇಲೆ ಮೇಲೆಯೇ ತೇಲಿ ಹೋಗುತ್ತೀರಿ. ಅಲ್ಲಿ ಅಲೆಯ ತಡೆ ಜಾಸ್ತಿ. ಕಿವಿ ನೀರಿನ ಮೇಲೆ ಇರಲಿ, ಇಲ್ಲದಿದ್ದರೆ ಸ್ಟಾರ್ಟರ್ ಮಾತು ಕೇಳಿಸುವುದಿಲ್ಲ.

ಸಿಗ್ನಲ್ ಬಂದಾಗ ಕೆಲಸ ಈ ಅನುಕ್ರಮದಲ್ಲಿ ಆಗಬೇಕು. ಗೋಡೆ ಹಿಡಿದ ಕೈ ಬಿಡಿ. ಅದನ್ನು ಕಿವಿಯ ಪಕ್ಕದಿಂದ ಮುಂದಕ್ಕೆ ಎಸೆಯಿರಿ, ಫೋನ್ ಕಿವಿಗಿಟ್ಟು ಅಲ್ಲಿಂದ ಮುಂದೆ ಕೊಟ್ಟ ಹಾಗೆ. ತಲೆ ಮುಳುಗಲಿ. ಎರಡೂ ಕೈ ಸೇರಲಿ. ಆಗ ಒದೆಯಿರಿ. ಕೈ ಸೇರುವ ಮೊದಲೇ ಒದ್ದರೆ ಅರ್ಧ ಬಲ ವ್ಯರ್ಥ. ನಮ್ಮ ಗುಂಪಿನಲ್ಲಿ "ಕೈ, ತಲೆ, ಕಾಲು" ಅಂತ ಬಾಯಲ್ಲಿ ಹೇಳಿಕೊಂಡೇ ಅಭ್ಯಾಸ ಮಾಡಿದೆವು. ನೋಡುವವರು ನಕ್ಕರು. ನಗಲಿ.

ಒದ್ದ ಮೇಲೆ ಸ್ಟ್ರೀಮ್‌ಲೈನ್: ತೋಳು ಕಿವಿಗೆ ಅಂಟಿ, ಹೊಟ್ಟೆ ಒಳಗೆ, ಕಾಲ್ಬೆರಳು ಹಿಂದಕ್ಕೆ. ವೇಗ ಇಳಿಯುತ್ತಿದೆ ಅನ್ನಿಸಿದ ಕ್ಷಣ ಕಿಕ್ ಶುರು ಮಾಡಿ ಮೇಲೆ ಬನ್ನಿ. ಫ್ರೀಸ್ಟೈಲ್, ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್‌ನಲ್ಲಿ 15 ಮೀಟರ್ ಒಳಗೆ ತಲೆ ಮೇಲೆ ಬರಬೇಕು ಅನ್ನುತ್ತದೆ ನಿಯಮ. ನಮ್ಮಂಥವರಿಗೆ ಆ ಚಿಂತೆ ಇಲ್ಲ, ಐದಾರು ಮೀಟರ್‌ಗೆ ಉಸಿರು ಕರೆಯುತ್ತದೆ.

ಎರಡು ತೊಡಕು ಇವೆ. ಅಕ್ಕಪಕ್ಕದವರು ಬ್ಲಾಕ್‌ನಿಂದ ಹಾರಿದರೆ ಅವರು ಎಬ್ಬಿಸಿದ ಅಲೆ ನಿಮ್ಮ ಮುಖಕ್ಕೆ ಬರುತ್ತದೆ. ಅದಕ್ಕೇ ಸ್ವಲ್ಪ ಆಳದಲ್ಲಿ ಒದೆಯಿರಿ, ಮೊದಲ ಉಸಿರನ್ನು ಎರಡು ಸ್ಟ್ರೋಕ್ ಆದ ಮೇಲೆ ತಗೊಳ್ಳಿ. ಇನ್ನೊಂದು, ದೊಡ್ಡ ಮೀಟ್‌ಗಳಲ್ಲಿ ಗೋಡೆಗೆ ಟಚ್‌ಪ್ಯಾಡ್ (ಮುಟ್ಟಿದ ಕೂಡಲೇ ಸಮಯ ದಾಖಲಿಸುವ ಹಲಗೆ) ಇರುತ್ತದೆ. ಅದರ ಮೇಲ್ಮೈ ಬೇರೆ, ಹಿಡಿಯುವ ಅಂಚೂ ಬೇರೆ. ವಾರ್ಮ್‌ಅಪ್‌ನಲ್ಲಿ ಎರಡು ಸಲ ಒದ್ದು ನೋಡಿ. ಬ್ಲಾಕ್‌ನ ಕಂಬಿ ಹಿಡಿಯಬಹುದಾ, ಗೋಡೆಯನ್ನೇ ಮುಟ್ಟಬೇಕಾ ಅಂತ ರೆಫರಿಯನ್ನು ಮೊದಲೇ ಕೇಳಿಬಿಡಿ.

ಕಟ್ಟೆಯಿಂದ ಸ್ಟಾರ್ಟ್

ಇದು ನಡುವಿನ ದಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎತ್ತರ ಕಡಿಮೆ, ಹಾಗಾಗಿ ಸುಲಭ ಅಂತ. ಭಯದ ಲೆಕ್ಕದಲ್ಲಿ ಸುಲಭ ನಿಜ. ಆದರೆ ಎತ್ತರ ಕಡಿಮೆ ಇದ್ದರೆ ಗಾಳಿಯಲ್ಲಿ ಸಿಗುವ ಹೊತ್ತೂ ಕಡಿಮೆ. ಸೊಂಟ ಮೇಲೆದ್ದು ಕೈಯ ಹಿಂದೆ ಹೋಗುವಷ್ಟರಲ್ಲಿ ನೀರು ಬಂದೇಬಿಡುತ್ತದೆ. ಹೊಟ್ಟೆ ಬಡಿಯುವುದು ಬ್ಲಾಕ್‌ಗಿಂತ ಇಲ್ಲೇ ಜಾಸ್ತಿ. ಅದೃಷ್ಟಕ್ಕೆ ಪೆಟ್ಟು ಕಡಿಮೆ.

ಕಲಿಯುವ ಮೆಟ್ಟಿಲು ಹೀಗಿದೆ. ಮೊದಲು ಆಳದ ಕಡೆ ಕಟ್ಟೆ ಮೇಲೆ ಕೂತು, ಕಾಲನ್ನು ಗಟರ್ ಅಂಚಿಗೆ ಒತ್ತಿ, ಕೈ ಸೇರಿಸಿ, ಗಲ್ಲವನ್ನು ಎದೆಗೆ ತಂದು ಮುಂದಕ್ಕೆ ಉರುಳಿ. ಹಾರಬೇಡಿ, ಉರುಳಿ ಸಾಕು. ಮಕ್ಕಳಿಗೆ ಇದಾದ ಮೇಲೆ ಮಂಡಿಯೂರಿ ಡೈವ್ ಮಾಡಿಸುತ್ತಾರೆ. ನಮಗೆ ಅದು ಬೇಡ, ಒದ್ದೆ ಟೈಲ್ಸ್ ಮೇಲೆ ಮಂಡಿಚಿಪ್ಪು ಊರಿದರೆ ಮರುದಿನ ಮೆಟ್ಟಿಲು ಇಳಿಯಲಾಗದು. ಅದನ್ನು ಬಿಟ್ಟು ನೇರ ಕುಕ್ಕರಗಾಲಿನ ಹಾಗೆ ಅರ್ಧ ಬಗ್ಗಿದ ಭಂಗಿಗೆ ಬನ್ನಿ. ಒಂದು ಕಾಲಿನ ಬೆರಳುಗಳನ್ನು ಅಂಚಿಗೆ ಬಲವಾಗಿ ಮಡಚಿ, ಇನ್ನೊಂದು ಕಾಲು ಒಂದು ಹೆಜ್ಜೆ ಹಿಂದೆ. ಕೈಗಳು ಕಿವಿಯ ಪಕ್ಕ ಮೊದಲೇ ಸೇರಿರಲಿ. ಮುಂದಕ್ಕೆ ವಾಲಿ. ಇನ್ನು ಬೀಳುತ್ತೇನೆ ಅನ್ನಿಸಿದಾಗ ಒದೆಯಿರಿ. ಕೈ ಎಲ್ಲಿ ನೀರು ಸೇರಿತೋ ಅದೇ ತೂತಿನಲ್ಲಿ ತಲೆ, ಸೊಂಟ, ಕಾಲು ಎಲ್ಲ ಹೋಗಬೇಕು.

ಒಬ್ಬರು ಪಕ್ಕದಿಂದ ಫೋನ್‌ನಲ್ಲಿ ವಿಡಿಯೋ ಮಾಡಲಿ. ಹತ್ತರಲ್ಲಿ ಎಂಟು ಜನ ಕೊನೇ ಕ್ಷಣದಲ್ಲಿ ತಲೆ ಎತ್ತಿ ಮುಂದೆ ನೋಡುತ್ತಾರೆ. ನೀರು ಎಲ್ಲಿದೆ ಅಂತ ಹುಡುಕುವುದು! ನೀರು ಎಲ್ಲೂ ಹೋಗಿರುವುದಿಲ್ಲ. ತಲೆ ಎತ್ತಿದರೆ ಗಾಗಲ್ಸ್ ಹೋಗುತ್ತದೆ, ಎದೆ ಬಡಿಯುತ್ತದೆ. ನನಗೆ ಈ ಚಟ ಬಿಡಲು ಮೂರು ತಿಂಗಳು ಬೇಕಾಯಿತು.

ಕಟ್ಟೆಯ ಅಂಚು ಜಾರುತ್ತದಾ ನೋಡಿಕೊಳ್ಳಿ. ಮಳೆಗಾಲದಲ್ಲಿ ತೆರೆದ ಕೊಳಗಳ ಕಲ್ಲು, ಟೈಲ್ಸ್ ಮೇಲೆ ಪಾಚಿ ಕಟ್ಟುತ್ತದೆ. ಹಿಂದಿನ ಕಾಲು ಜಾರಿದರೆ ಗಲ್ಲ ಅಂಚಿಗೆ ಬೀಳುತ್ತದೆ. ಟವೆಲ್‌ನಿಂದ ಒರೆಸಿ ನಿಲ್ಲುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಬ್ಲಾಕ್‌ನಿಂದ ಸ್ಟಾರ್ಟ್

ಕಟ್ಟೆಯಿಂದ ಹತ್ತು ಸಲ ಹಾರಿ ಹತ್ತೂ ಸಲ ಗಾಗಲ್ಸ್ ಉಳಿದರೆ ಬ್ಲಾಕ್‌ಗೆ ಬನ್ನಿ. ಅಲ್ಲಿಯವರೆಗೆ ಬೇಡ.

ಮೊದಲ ಕೆಲಸ ಹತ್ತುವುದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಿಂದಿನ ಮೆಟ್ಟಿಲಿನಿಂದ, ಕೈ ಊರಿ, ಒಳ್ಳೆಯ ಕಾಲು ಮೊದಲು. ಬ್ಲಾಕ್‌ನ ನಡುವಿಗೆ ಬಂದು ನೇರ ನಿಲ್ಲಿ, ದೂರದ ಗೋಡೆ ನೋಡಿ. ಕೆಳಗೆ ನೋಡಬೇಡಿ. "ಟೇಕ್ ಯುವರ್ ಮಾರ್ಕ್ಸ್" ಬರುವ ತನಕ ಬಗ್ಗುವ ಅಗತ್ಯ ಇಲ್ಲ. ಕೆಲವರು ಉದ್ದ ಸೀಟಿ ಆದ ಕೂಡಲೇ ಬಗ್ಗಿ ಕಾಯುತ್ತಾರೆ, ರಕ್ತವೆಲ್ಲ ತಲೆಗೆ.

ಭಂಗಿಯಲ್ಲಿ ಎರಡು ಬಗೆ. ಎರಡೂ ಪಾದ ಮುಂದಿಟ್ಟು ಅಂಚು ಹಿಡಿಯುವ ಗ್ರ್ಯಾಬ್ ಸ್ಟಾರ್ಟ್ ಹಳೆಯದು. ನಮ್ಮ ಕಾಲದಲ್ಲಿ ಸ್ಕೂಲ್ ಮೀಟ್‌ಗಳಲ್ಲಿ ಕಲಿತವರು ಇದನ್ನೇ ಮಾಡುತ್ತಾರೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಡುವುದು ಟ್ರ್ಯಾಕ್ ಸ್ಟಾರ್ಟ್. ಹಿಂದೆ ಇಳಿಜಾರಿನ ಹಲಗೆ ಇರುವ ಬ್ಲಾಕ್‌ಗಳು ಬಂದ ಮೇಲೆ, 2012ರ ಲಂಡನ್ ಒಲಿಂಪಿಕ್ಸ್‌ನಿಂದ ಈಚೆಗೆ, ಮೇಲಿನ ಮಟ್ಟದಲ್ಲಿ ಇದೇ ನಡೆಯುತ್ತಿದೆ. ವಯಸ್ಸಾದವರಿಗೂ ನಾನು ಟ್ರ್ಯಾಕನ್ನೇ ಹೇಳುತ್ತೇನೆ. ಕಾರಣ ವೇಗ ಅಲ್ಲ. ಎರಡು ಕಾಲು ಹಿಂದೆ ಮುಂದೆ ಇದ್ದರೆ ಮುಗ್ಗರಿಸಿ ಫಾಲ್ಸ್ ಸ್ಟಾರ್ಟ್ ಆಗುವುದು ಕಡಿಮೆ, ಬೆನ್ನು ಬಗ್ಗಿಸುವುದೂ ಕಡಿಮೆ.

ಯಾವ ಕಾಲು ಮುಂದೆ? ಎರಡೂ ಮಾಡಿ ನೋಡಿ. ಹಿಂದಿನ ಮಂಡಿ ಹೆಚ್ಚು ಮಡಚುತ್ತದೆ, ಸುಮಾರು ಲಂಬಕೋನದಷ್ಟು. ಮುಂದಿನದು ಕಡಿಮೆ ಮಡಚುತ್ತದೆ, ಆದರೆ ಕೊನೆಯವರೆಗೂ ಒತ್ತುವುದು ಅದೇ. ಮಡಚಲು ನೋಯುವ ಮಂಡಿ ಇದ್ದರೆ ಅದು ಮುಂದೆ ಇರಲಿ. ಒತ್ತಲು ನೋಯುವ ಮಂಡಿ ಇದ್ದರೆ ಅದು ಹಿಂದೆ. ಎರಡಕ್ಕೂ ನೋಯುತ್ತದಾ? ಹಾಗಾದರೆ ನೀರಿಗೆ ಬನ್ನಿ, ಜಾಗ ಇದೆ.

ಹಿಂದಿನ ಹಲಗೆಯನ್ನು ಹಿಂದೆ ಮುಂದೆ ಸರಿಸಬಹುದು. ನಿಮ್ಮ ಮುಂಚಿನ ಹೀಟ್‌ನವರು (ಸುತ್ತಿನವರು) ಆರಡಿ ಎತ್ತರದವರಾಗಿದ್ದರೆ ಹಲಗೆ ಎಲ್ಲೋ ಇರುತ್ತದೆ. ಹತ್ತುವ ಮೊದಲೇ ಸರಿಸಿಕೊಳ್ಳಿ, ಎಷ್ಟನೇ ಗುರುತು ಅಂತ ನೆನಪಿರಲಿ.

ಸಿಗ್ನಲ್ ಆದಾಗ ಮೇಲಕ್ಕೆ ಹಾರಬೇಡಿ, ಮುಂದಕ್ಕೆ ಹಾರಿ. ಎತ್ತರಕ್ಕೆ ಎದ್ದು ಚೂಪಾಗಿ ಇಳಿಯುವುದು ಟಿವಿಯಲ್ಲಿ ಚೆಂದ. ನಾಲ್ಕೂವರೆ ಅಡಿ ನೀರಿನಲ್ಲಿ ಅದು ಅಪಾಯ. ನೀರು ಸೇರಿದ ಮೇಲೆ ಕೈಬೆರಳು ಸ್ವಲ್ಪ ಮೇಲೆ ತಿರುಗಲಿ, ದೇಹ ಮೇಲಕ್ಕೆ ಬರುತ್ತದೆ. ಒಂದು ದಿನಕ್ಕೆ ಆರೆಂಟು ಡೈವ್ ಸಾಕು. ಕುತ್ತಿಗೆ ಅಂದು ಏನೂ ಹೇಳುವುದಿಲ್ಲ, ಮರುದಿನ ಹೇಳುತ್ತದೆ.

ಗಾಗಲ್ಸ್ ಪಟ್ಟಿ ಕ್ಯಾಪ್‌ನ ಒಳಗಿರಲಿ. ಇಲ್ಲವೇ ಒಂದು ಕ್ಯಾಪ್, ಅದರ ಮೇಲೆ ಗಾಗಲ್ಸ್, ಅದರ ಮೇಲೆ ಇನ್ನೊಂದು ಕ್ಯಾಪ್. ಆದರೂ ಹೋದರೆ ನಿಲ್ಲಬೇಡಿ. ತಳದ ಕಪ್ಪು ಗೆರೆ ಮಸುಕಾಗಿಯಾದರೂ ಕಾಣುತ್ತದೆ. ನನ್ನ ಹಾಗೆ ಕಣ್ಣು ಮುಚ್ಚಬೇಡಿ.

ಯಾವುದು ನಿಮ್ಮದು? ಸ್ಟಾಪ್‌ವಾಚ್ ಕೇಳಿ

ಇದು ಇಡೀ ಬರಹದಲ್ಲಿ ನನಗೆ ಮುಖ್ಯ ಅನ್ನಿಸುವ ಭಾಗ. ಲೇನ್ ಹಗ್ಗದಲ್ಲಿ 15 ಮೀಟರ್‌ಗೆ ಬಣ್ಣದ ಗುರುತು ಇರುತ್ತದೆ. ಒಬ್ಬರು ಅಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ. ನಿಮ್ಮ ತಲೆ ಆ ಗುರುತು ದಾಟಿದಾಗ ಒತ್ತಲಿ. ಮೂರು ಬಗೆಯ ಸ್ಟಾರ್ಟ್, ಒಂದೊಂದನ್ನು ಮೂರು ಸಲ. ನಡುವೆ ಚೆನ್ನಾಗಿ ವಿಶ್ರಾಂತಿ. ಬೇರೆ ದಿನ ಮತ್ತೆ ಮಾಡಿ.

ಆಮೇಲೆ ಪ್ರತಿ ಸ್ಟಾರ್ಟ್‌ನ ಅತ್ಯುತ್ತಮ ಸಮಯ ನೋಡಬೇಡಿ, ಅತಿ ಕೆಟ್ಟ ಸಮಯ ನೋಡಿ. ನನ್ನ ಡೈರಿಯಲ್ಲಿ ಬ್ಲಾಕ್‌ನ ಅತ್ಯುತ್ತಮ 10.4 ಸೆಕೆಂಡ್, ನೀರಿನದು 11.6. ಬ್ಲಾಕೇ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಬ್ಲಾಕ್‌ನ ಕೆಟ್ಟದ್ದು 12.3, ನೀರಿನ ಕೆಟ್ಟದ್ದು 11.9. ರೇಸ್ ದಿನ ಕೈಕಾಲು ನಡುಗುತ್ತಿರುವಾಗ ನಮಗೆ ಬರುವುದು ಕೆಟ್ಟ ಸ್ಟಾರ್ಟೇ. ಅದಕ್ಕೇ ಎರಡು ವರ್ಷ ನಾನು ನೀರಿನಿಂದಲೇ ಹೊರಟೆ. ಬ್ಲಾಕ್‌ನ ಕೆಟ್ಟ ಸಮಯ 11ಕ್ಕೆ ಇಳಿದ ಮೇಲೆ ಮಾತ್ರ ಮತ್ತೆ ಹತ್ತಿದೆ.

ದೂರವನ್ನೂ ಲೆಕ್ಕಕ್ಕೆ ತಗೊಳ್ಳಿ. 100 ಮೀಟರನ್ನು 1 ನಿಮಿಷ 40 ಸೆಕೆಂಡಿಗೆ ಈಜುವವರು ಸೆಕೆಂಡಿಗೆ 1 ಮೀಟರ್ ಹೋಗುತ್ತಾರೆ. ಡೈವ್ ನಿಮಗೆ ಗೋಡೆ ಒದೆತಕ್ಕಿಂತ ಒಂದೂವರೆ ಮೀಟರ್ ಜಾಸ್ತಿ ಕೊಟ್ಟರೆ ಉಳಿತಾಯ ಒಂದೂವರೆ ಸೆಕೆಂಡ್. 50 ಮೀಟರ್‌ನಲ್ಲಿ ಅದು ಪದಕದ ವ್ಯತ್ಯಾಸ. 800 ಮೀಟರ್‌ನಲ್ಲಿ ಅದು ಗೋಡೆಯ ಬಳಿ ತಿರುಗುವಾಗಿನ ಒಂದು ಕೆಟ್ಟ ಟರ್ನ್‌ಗೆ ಸಮ. ನಮ್ಮ ಗುಂಪಿನ 71 ವರ್ಷದ ಮೇಡಂ ಒಬ್ಬರು 50ಕ್ಕೆ ಕಟ್ಟೆಯಿಂದ, 400ಕ್ಕೆ ನೀರಿನಿಂದ ಹೊರಡುತ್ತಾರೆ. "ನಾನೂರು ಮೀಟರಿಗೆ ಯಾಕಪ್ಪಾ ಆ ಸರ್ಕಸ್ಸು?" ಅನ್ನುತ್ತಾರೆ.

ಸ್ಟ್ರೋಕ್ ಬದಲಾದರೂ ಲೆಕ್ಕ ಬದಲಾಗುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಸ್ಟಾರ್ಟ್ ಆದ ಮೇಲೆ ನೀರೊಳಗೆ ಒಂದು ಸಲ ಕೈಯನ್ನು ತೊಡೆಯವರೆಗೆ ಎಳೆಯಬಹುದು, ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಸೇರಿಸಿ ಒದೆಯುವುದು) ಹಾಕಬಹುದು. ಆ ಎಳೆತ ಚೆನ್ನಾಗಿದ್ದರೆ ನೀರಿನಿಂದ ಹೊರಟವರೂ ಕಳೆದುಕೊಂಡದ್ದನ್ನು ಬಹಳಷ್ಟು ಗಳಿಸಿಕೊಳ್ಳುತ್ತಾರೆ. ಬಟರ್‌ಫ್ಲೈನಲ್ಲಿ ಮಾಸ್ಟರ್ಸ್‌ಗೆ ಬ್ರೆಸ್ಟ್‌ಸ್ಟ್ರೋಕ್ ಕಿಕ್ ಕೂಡ ಒಪ್ಪುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಬ್ಯಾಕ್‌ಸ್ಟ್ರೋಕ್

ಇಲ್ಲಿ ಎಲ್ಲರೂ ನೀರಿನಲ್ಲೇ, ಆಯ್ಕೆಯ ಪ್ರಶ್ನೆ ಇಲ್ಲ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದವರು. ಅವರ ಸ್ಟಾರ್ಟ್ ನೋಡಿ, ದೇಹ ಬಿಲ್ಲಿನ ಹಾಗೆ ಬಗ್ಗಿ ನೀರಿನ ಮೇಲೆ ಹಾರುತ್ತದೆ. ನೋಡಿ ಖುಷಿಪಡಿ, ಅನುಕರಿಸಬೇಡಿ. ಭುಜ ನೋಯುವವರು ಬ್ಲಾಕ್‌ನ ಮೇಲಿನ ಹಿಡಿಯ ಬದಲು ಕೆಳಗಿನ ಹಿಡಿ ಹಿಡಿಯಿರಿ, ದೇಹವನ್ನು ಮೇಲೆ ಎಳೆಯಬೇಡಿ. ಪಾದ ನೀರಿನೊಳಗೇ ಇರಲಿ, ಒಂದು ಪಾದ ಸ್ವಲ್ಪ ಕೆಳಗೆ ಇಟ್ಟರೆ ಜಾರುವುದು ಕಡಿಮೆ. ಗಟರ್ ಅಂಚಿಗೆ ಕಾಲ್ಬೆರಳು ಮಡಚಿ ನಿಲ್ಲುವಂತಿಲ್ಲ. ಸಿಗ್ನಲ್ ಆದಾಗ ತಲೆಯನ್ನು ಹಿಂದಕ್ಕೆ ಕುಕ್ಕಬೇಡಿ. ಕುತ್ತಿಗೆ ಮೃದುವಾಗಿರಲಿ, ಕೈಗಳು ಪಕ್ಕದಿಂದ ಸುತ್ತಿ ಹಿಂದೆ ಹೋಗಲಿ. ಮೂಗಿನಿಂದ ಗಾಳಿ ಬಿಡುತ್ತಲೇ ಇರಿ.

ರಿಲೇ ಇದ್ದರೆ

ನೀರಿನಿಂದ ಹೊರಡುವವರನ್ನು ಮೊದಲನೆಯವರಾಗಿ ಇಡಿ. ನಡುವೆ ಇಟ್ಟರೆ ಬರುವವರಿಗೂ ಹೊರಡುವವರಿಗೂ ಒಂದೇ ಗೋಡೆ, ಡಿಕ್ಕಿ ಗ್ಯಾರಂಟಿ. ಹಿಂದಿನವರು ಮುಟ್ಟುವ ತನಕ ಇವರ ಕೈ ಗೋಡೆ ಬಿಡುವಂತಿಲ್ಲ, ಅದನ್ನು ಆ ಗಲಾಟೆಯಲ್ಲಿ ಪಾಲಿಸುವುದೂ ಕಷ್ಟ. ಮೆಡ್ಲೆ ರಿಲೇಯಲ್ಲಿ ಮೊದಲು ಬ್ಯಾಕ್‌ಸ್ಟ್ರೋಕ್, ಅದು ಹೇಗೂ ನೀರಿನಿಂದಲೇ. ಡೈವ್ ಬಾರದವರಿಗೆ ಬ್ಯಾಕ್‌ಸ್ಟ್ರೋಕ್ ಬಂದರೆ ಅವರಿಗೆ ಅದೇ ಜಾಗ. ಈಜಿ ಮುಗಿಸಿದವರು ಸುಸ್ತಾಗಿ ಗೋಡೆ ಹಿಡಿದು ನೇತಾಡದೆ ಪಕ್ಕಕ್ಕೆ ಸರಿಯಬೇಕು. ಮುಂದಿನವರು ಅವರ ತಲೆ ಮೇಲಿಂದಲೇ ಹಾರುತ್ತಾರೆ.

ರೇಸ್ ದಿನ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ತೆರೆದ ಕೊಳದ ನೀರು ಮೈ ಕೊರೆಯುತ್ತದೆ. ತಣ್ಣೀರಿಗೆ ದಿಢೀರ್ ಬಿದ್ದರೆ ಉಸಿರು ಕಟ್ಟುತ್ತದೆ, ಬಿಪಿ ಏರುತ್ತದೆ. ವಾರ್ಮ್‌ಅಪ್ ತಪ್ಪಿಸಬೇಡಿ. ಹೀಟ್‌ಗೆ ಮೊದಲು ಮುಖ, ಕತ್ತು, ಎದೆಗೆ ನೀರು ಹಾಕಿಕೊಳ್ಳಿ. ಬಿಪಿ ಮಾತ್ರೆ "ರೇಸ್ ಆದ್ಮೇಲೆ ತಗೊಂಡ್ರಾಯ್ತು" ಅಂತ ಮುಂದೆ ಹಾಕಬೇಡಿ. ಎರಡು ಗಂಟೆ ಮೊದಲು ಎರಡು ಇಡ್ಲಿ ಸಾಕು, ಮಸಾಲೆ ದೋಸೆ ಪದಕದ ಜೊತೆ.

ವಾರ್ಮ್‌ಅಪ್‌ನಲ್ಲಿ ಕಾಲು ಮೊದಲಾಗಿಯೇ ನೀರಿಗಿಳಿಯಿರಿ. ಡೈವ್‌ಗೆ ಪ್ರತ್ಯೇಕ ಲೇನ್, ಪ್ರತ್ಯೇಕ ಹೊತ್ತು ಹೇಳುತ್ತಾರೆ. ಆಗ ಎರಡು ಡೈವ್, ಎರಡು ನೀರಿನ ಸ್ಟಾರ್ಟ್ ಮಾಡಿ. ಎರಡನ್ನೂ ಮಾಡಿ, ಏನೇ ತೀರ್ಮಾನ ಆಗಿದ್ದರೂ.

ಕಾಲ್ ರೂಮ್‌ನಲ್ಲಿ ಹೆಸರು ಕೂಗಿದಾಗ ಹೇಳಿಬಿಡಿ: "ಸಾರ್, ನಾನು ನೀರಿನಿಂದ ಸ್ಟಾರ್ಟ್ ಮಾಡ್ತೀನಿ." ಅವರು ರೆಫರಿಗೆ ತಿಳಿಸುತ್ತಾರೆ. ಇಲ್ಲದಿದ್ದರೆ ನೀವು ಇಳಿಯುವಷ್ಟರಲ್ಲಿ ಎಲ್ಲರೂ ಬ್ಲಾಕ್ ಮೇಲೆ ನಿಂತು ಕಾಯುತ್ತಿರುತ್ತಾರೆ, ನಿಮಗೇ ಗಾಬರಿ. ಕಿವಿಯ ಮೆಷಿನ್ ಹಾಕುವವರು ಅದನ್ನು ತೆಗೆದ ಮೇಲೆ ಏನೂ ಕೇಳದು ಅಂತ ಮೊದಲೇ ಹೇಳಿ. ಸಿಗ್ನಲ್‌ನ ಜೊತೆ ಲೈಟ್ ಇದೆಯಾ, ಎಲ್ಲಿದೆ ಅಂತ ಕೇಳಿ ನೋಡಿಟ್ಟುಕೊಳ್ಳಿ.

ಬ್ಲಾಕ್ ಮೇಲೆ ನಿಂತ ಮೇಲೆ ತಲೆ ಸುತ್ತಿದರೆ ಕೈ ಎತ್ತಿ, ಹಿಂದಕ್ಕೆ ಇಳಿಯಿರಿ. ಏಳು ಜನ ಕಾಯುತ್ತಾರೆ, ಕಾಯಲಿ. ರೆಫರಿಗೆ ಹೇಳಿ ನೀರಿಗಿಳಿದು ಗೋಡೆ ಹಿಡಿಯಬಹುದು. ಹೋದ ವರ್ಷ ನಮ್ಮ ಗೆಳೆಯರೊಬ್ಬರು ಹೀಗೇ ಇಳಿದರು. ಸ್ಟಾರ್ಟರ್ ಉಳಿದ ಏಳು ಜನಕ್ಕೂ "ಕೆಳಗೆ ಇಳೀರಿ" ಅಂದು ಒಂದು ನಿಮಿಷ ಕೊಟ್ಟರು. ಮತ್ತೆ ಉದ್ದ ಸೀಟಿ ಆದಾಗ ಏಳು ಜನರಲ್ಲಿ ಇನ್ನಿಬ್ಬರು ಬ್ಲಾಕ್ ಹತ್ತಲಿಲ್ಲ. ಸದ್ದಿಲ್ಲದೆ ಅವರೂ ನೀರಿಗಿಳಿದರು.